ನಮ್ಮ ಸಭಾಗೃಹಗಳೂ ನಮ್ಮ ಮಕ್ಕಳ ಹಾಡೂ

(ಬೊರಿವಲಿಯಲ್ಲಿ ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೊರನಾಡಿನಲ್ಲಿ ಕನ್ನಡ ಸಂಸ್ಕೃತಿಯ ಉಳಿವು ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ, ಆ ವಿಷಯ ಬಹು ವಿಸ್ತಾರವಾದುದೆಂದೂ ಅದರ ಒಂದು ಮೂಲೆಯನ್ನು ಮಾತ್ರ ಆರಿಸಿಕೊಳ್ಳಲು ಅನುಮತಿ ಕೊಡಬೇಕೆಂದೂ ನಾನು ವಿನಂತಿಸಿದೆ. ಆ ಮೂಲೆ ಯಾವುದೆಂದರೆ, ನಮ್ಮ ಮಕ್ಕಳು ಶನಿವಾರ ಸಂಜೆ ಎಲ್ಲಿಗೆ ಹೋಗುತ್ತಾರೆ ಎಂಬುದು. ವರ್ಷವಿಡೀ ಕಡತಗಳ ನಡುವೆ ಇರುವ ಕೇಂದ್ರ ಸರಕಾರದ ನೌಕರನೊಬ್ಬ ಸಂಗೀತದ ವಿಷಯವನ್ನು ಎತ್ತಿಕೊಂಡದ್ದಕ್ಕೆ ಸಭಿಕರಲ್ಲಿ ಕೆಲವರು ಮುಗುಳ್ನಗುತ್ತಿರುವುದು ನನಗೆ ಕಾಣಿಸುತ್ತಿದೆ. ನಾನು ಸಂಗೀತಗಾರನಲ್ಲ, ಕೇಳುಗ, ಅದೂ ಟಿಕೀಟು ಕೊಂಡು ಕೇಳುವ ಕೇಳುಗ. ಆ ಅಧಿಕಾರದಿಂದಲೇ ಮಾತನಾಡುತ್ತಿದ್ದೇನೆ.

ಬ್ಯಾಂಡು ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಪೀಳಿಗೆಯವರ ಕಣ್ಣ ಮುಂದೆ ಬರುವುದು ಕೆಂಪು ಅಂಗಿ ತೊಟ್ಟು ಮದುವೆಯ ದಿಬ್ಬಣದ ಮುಂದೆ ತುತ್ತೂರಿ ಊದುವ ಬ್ಯಾಂಡ್‌ಸೆಟ್ಟಿನವರು. ಇಲ್ಲವಾದರೆ ಗಣೇಶೋತ್ಸವದ ಆರ್ಕೆಸ್ಟ್ರಾ. ಊರಿನ ಕರಪತ್ರಗಳಲ್ಲಿ ಅದಕ್ಕೆ ‘ರಸಮಂಜರಿ’ ಎಂಬ ಸೊಗಸಾದ ಹೆಸರಿದೆ. ನಾನು ಹೇಳಹೊರಟಿರುವ ಬ್ಯಾಂಡು ಬೇರೆ ಬಗೆಯದು. ನಾಲ್ಕೈದು ಮಂದಿ ತರುಣ ತರುಣಿಯರು ಕೂಡಿ, ತಾವೇ ಬರೆದ ಅಥವಾ ತಾವೇ ಆರಿಸಿಕೊಂಡ ಪದ್ಯಕ್ಕೆ ತಾವೇ ರಾಗ ಹಾಕಿ, ಗಿಟಾರು, ಡ್ರಮ್ಮು, ಪಿಟೀಲು, ಕೊಳಲುಗಳೊಂದಿಗೆ ಹಾಡುವ ತಂಡ ಅದು. ಅದಕ್ಕೆ ಸಿನಿಮಾದ ಹಂಗಿಲ್ಲ, ದೊಡ್ಡ ಧ್ವನಿಮುದ್ರಣ ಕಂಪನಿಯ ಹಂಗೂ ಇಲ್ಲ. ಆದಕಾರಣ ಇಂಡಿಪೆಂಡೆಂಟ್ ಎಂದೂ, ಹುಡುಗರ ಬಾಯಲ್ಲಿ ಮೊಟಕಾಗಿ ‘ಇಂಡಿ’ ಎಂದೂ ಅದಕ್ಕೆ ಹೆಸರು. (ಈ ಶಬ್ದವನ್ನು ಮೊದಲ ಬಾರಿ ಕೇಳಿದ ನನ್ನ ಅತ್ತೆಯವರು, ಅವರ ತವರು ವಿಜಯಪುರ ಜಿಲ್ಲೆ, ಇಂಡಿ ತಾಲೂಕಿನ ಹುಡುಗರೇ ಹಾಡಲು ಬಂದಿದ್ದಾರೆಂದು ತಿಳಿದು, ಯಾವ ಊರಿನವರೆಂದು ಬಹು ಆಸ್ಥೆಯಿಂದ ವಿಚಾರಿಸಿದರು.)

ಇಂಥ ತಂಡಗಳು ಹಾಡುವ ಸ್ಥಳಗಳು ಚಿಕ್ಕವು. ನೂರು ಇನ್ನೂರು ಜನ ಹಿಡಿಸುವ ಒಂದು ಕೋಣೆ, ಒಂದು ತಗ್ಗಾದ ವೇದಿಕೆ, ಧ್ವನಿವರ್ಧಕಗಳು. ಬಹುಮಟ್ಟಿಗೆ ಜನ ನಿಂತೇ ಕೇಳುತ್ತಾರೆ. ಹಾಡುಗಾರನಿಗೂ ಮೊದಲ ಸಾಲಿನವನಿಗೂ ನಡುವೆ ಎರಡು ಮಾರು ದೂರವಿರುವುದಿಲ್ಲ. ಸ್ಥಳದ ಒಡೆಯ ತಂಡಕ್ಕೆ ಒಂದು ನಿಶ್ಚಿತ ಸಂಭಾವನೆ ಕೊಡುತ್ತಾನೆ, ಅಥವಾ ಬಾಗಿಲಲ್ಲಿ ಸಂಗ್ರಹವಾದ ಟಿಕೀಟಿನ ಹಣದಲ್ಲಿ ಪಾಲು ಕೊಡುತ್ತಾನೆ. ಹೊಸ ತಂಡಗಳಿಗೆ ಸಾಮಾನ್ಯವಾಗಿ ಎರಡನೆಯ ವ್ಯವಸ್ಥೆಯೇ ಗತಿ.

ನಮ್ಮ ಕಟ್ಟಡದಲ್ಲಿ ಒಬ್ಬ ಹುಡುಗನಿದ್ದಾನೆ. ತಂದೆ ಕಲಬುರಗಿ ಕಡೆಯವರು, ತಾಯಿ ಕುಂದಾಪುರದವರು, ಹುಟ್ಟಿ ಬೆಳೆದದ್ದು ಇಲ್ಲೇ ಬೊರಿವಲಿ ಪೂರ್ವದಲ್ಲಿ. ಬೇಸ್ ಗಿಟಾರು ನುಡಿಸುತ್ತಾನೆ. ಇನ್ನು ಮೂವರೊಂದಿಗೆ ಸೇರಿ ತಂಡ ಕಟ್ಟಿದ್ದಾನೆ. ಅವರಲ್ಲಿ ಒಬ್ಬ ಕನ್ನಡಿಗ, ಒಬ್ಬ ಮರಾಠಿ, ಒಬ್ಬಳು ಐ.ಸಿ. ಕಾಲನಿಯ ಕೊಂಕಣಿ ಕ್ರೈಸ್ತರ ಹುಡುಗಿ. ಅಭ್ಯಾಸಕ್ಕೆ ಅವರು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ತಾಲೀಮು ಕೋಣೆಯನ್ನು ಹಿಡಿಯುತ್ತಾರೆ. ಕಾರ್ಯಕ್ರಮವಿದ್ದ ದಿನ ಮಧ್ಯಾಹ್ನವೇ ಗಿಟಾರುಗಳನ್ನು ಬೆನ್ನಿಗೆ ಹಾಕಿಕೊಂಡು ಚರ್ಚ್‌ಗೇಟ್ ಕಡೆಯ ಲೋಕಲ್ ಹತ್ತುತ್ತಾರೆ. ಊರೆಲ್ಲ ದಕ್ಷಿಣದಿಂದ ಉತ್ತರಕ್ಕೆ ಮರಳುವ ಹೊತ್ತಿನಲ್ಲಿ ಇವರು ಉತ್ತರದಿಂದ ದಕ್ಷಿಣಕ್ಕೆ ಹೋಗುವುದರಿಂದ ಕುಳಿತುಕೊಳ್ಳಲು ಜಾಗ ಸಿಗುತ್ತದೆ, ಅದೊಂದು ಸೌಕರ್ಯ. ಆದರೆ ಡ್ರಮ್ ಸೆಟ್ಟನ್ನು ಲೋಕಲ್ ಗಾಡಿಯಲ್ಲಿ ಒಯ್ಯುವುದು ಸಾಧ್ಯವಿಲ್ಲ. ಹೀಗಾಗಿ ಡ್ರಮ್ಮು ಮತ್ತು ಆಂಪ್ಲಿಫಾಯರುಗಳನ್ನು ಸ್ವಂತಕ್ಕೆ ಇಟ್ಟುಕೊಂಡಿರುವ ಸ್ಥಳಗಳಲ್ಲಿ ಮಾತ್ರ ಇವರು ಹಾಡಬಲ್ಲರು; ಅಂಥವು ಹೆಚ್ಚಾಗಿ ಖಾರ್, ಬಾಂದ್ರಾ, ಲೋವರ್ ಪರೇಲ್‌ಗಳಲ್ಲಿವೆ. ಈ ಸಣ್ಣ ತಾಂತ್ರಿಕ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ನಾನು ಮಾಡಲಿರುವ ವಿನಂತಿ ಇದರ ಮೇಲೆಯೇ ನಿಂತಿದೆ.

ಲೋವರ್ ಪರೇಲ್ ಎಂದೆ. ಅಲ್ಲಿಯ ಮಥುರಾದಾಸ್ ಗಿರಣಿಯ ಆವರಣದಲ್ಲಿ 2007ರ ಕೊನೆಯಲ್ಲಿ ‘ಬ್ಲೂ ಫ್ರಾಗ್’ ಎಂಬ ಸಂಗೀತಾಲಯವೊಂದು ಆರಂಭವಾಗಿ, 2016ರವರೆಗೆ ನಡೆದು, ಮುಚ್ಚಿತು. ಬಟ್ಟಲುಗಳನ್ನು ಜೋಡಿಸಿಟ್ಟಂತೆ ದುಂಡನೆಯ ಆಸನವ್ಯವಸ್ಥೆ, ಎದುರಿಗೆ ವೇದಿಕೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಪ್ರದೇಶ ಇದೇ ಗಿರಣಗಾಂವ್. ಮಗ್ಗದ ಸದ್ದು ನಿಂತ ಜಾಗದಲ್ಲಿ ಗಿಟಾರಿನ ಸದ್ದು ಬಂದದ್ದನ್ನು ಪ್ರಗತಿಯೆಂದು ಕೊಂಡಾಡಲು ನನಗೆ ಮನಸ್ಸು ಬರುವುದಿಲ್ಲ. ಅಮರ್ ಶೇಖ್, ಅಣ್ಣಾಭಾವು ಸಾಠೆಯವರ ಶಾಹಿರಿ ಪದಗಳನ್ನು ದುಡ್ಡಿಲ್ಲದೆ ಕೇಳಿದ್ದ ಓಣಿಗಳಲ್ಲಿ ಒಂದು ಲೋಟ ಪಾನೀಯಕ್ಕೆ ಕಾರ್ಮಿಕನ ದಿನದ ಕೂಲಿಯನ್ನು ತೆಗೆದುಕೊಳ್ಳುವ ವ್ಯವಸ್ಥೆ ಬಂದಿತು ಎಂಬುದೂ ಸತ್ಯವೇ. ಆದರೂ ಅಲ್ಲಿ ನಾನು ಕೇಳಿದ ಒಂದು ಹಾಡಿನ ವಿಷಯ ಹೇಳಲೇಬೇಕು.

2012ರಲ್ಲಿ ನನ್ನ ಸೋದರಳಿಯ ನನ್ನನ್ನು ಅಲ್ಲಿಗೆ ಕರೆದೊಯ್ದ. ಮಾಲಾಡಿನಲ್ಲಿ ಹುಟ್ಟಿದವ, ಇಂಜಿನಿಯರು, ಮನೆಯಲ್ಲಿ ಕನ್ನಡ ಆಡುತ್ತಾನೆ, ಓದಲು ಬಾರದು. ಆ ದಿನದ ಗಾಯಕರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ, ಭರತನಾಟ್ಯ ಕಲಿತ ವ್ಯಕ್ತಿ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರು ನೇತುಹಾಕಿಕೊಂಡು ವೇದಿಕೆಗೆ ಬರುತ್ತಾರೆ. ಇವರ ಹಾಡುಗಳನ್ನು ಹೊರತರಲು ಧ್ವನಿಮುದ್ರಣ ಕಂಪನಿಗಳು ವರ್ಷಗಟ್ಟಲೆ ಮುಂದೆ ಬಂದಿರಲಿಲ್ಲ. ಬಾಂದ್ರಾದ ‘ಝೆಂಝಿ’ ಎಂಬ, ಈಗ ಇಲ್ಲದಿರುವ ಒಂದು ಚಿಕ್ಕ ಸ್ಥಳದಲ್ಲಿ ಇವರು ಹಾಡುತ್ತಿದ್ದುದನ್ನು ಕೇಳಿದ ವಿಶಾಲ್-ಶೇಖರ್ ಜೋಡಿಯ ಸಂಗೀತ ನಿರ್ದೇಶಕರು 2008ರಲ್ಲಿ ತಮ್ಮದೇ ಸಂಸ್ಥೆಯಿಂದ ಇವರ ಮೊದಲ ಆಲ್ಬಮನ್ನು ಪ್ರಕಟಿಸಿದರು. ಮುಂಬಯಿಯಲ್ಲಿ ಕುಳಿತು ಪವಾಡವೊಂದಕ್ಕೆ ಕಾಯುತ್ತಿದ್ದೇನೆಂಬ ಅರ್ಥದ ಇಂಗ್ಲಿಷ್ ಹಾಡೊಂದು ಆ ಆಲ್ಬಮಿನಲ್ಲಿಯೇ ಇದೆ. ಅದೇ ಆಲ್ಬಮಿನಲ್ಲಿ ಶಿಶುನಾಳ ಶರೀಫರ ಎರಡು ಪದಗಳೂ ಇವೆ. 2011ರಲ್ಲಿ ಈ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿತು.

ಅಂದು ಶರೀಫರ ಗುಡಗುಡಿಯ ಪದ ಆರಂಭವಾಯಿತು. ನನ್ನ ಸುತ್ತಲೂ ನಿಂತಿದ್ದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಗುಜರಾತಿಗಳೋ ಪಂಜಾಬಿಗಳೋ ಮರಾಠಿಗಳೋ ಇರಬೇಕು. ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಅವರೆಲ್ಲರೂ ಕನ್ನಡದಲ್ಲಿ ಹಾಡುತ್ತಿದ್ದರು. ಕೈಯಲ್ಲಿ ಲೋಟ, ಬಾಯಲ್ಲಿ ತತ್ವಪದ. ನಾನು ಹುಟ್ಟಿದ ಹಳ್ಳಿ ಶಿಗ್ಗಾಂವಿ ತಾಲೂಕಿಗೆ ಬಹಳ ದೂರದ್ದಲ್ಲ. ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಮಠದ ಕಟ್ಟೆಯ ಮೇಲೆ ಇಪ್ಪತ್ತು ಮಂದಿ ಕುಳಿತು ಈ ಪದಗಳನ್ನು ಹಾಡುತ್ತಿದ್ದುದನ್ನು ಕೇಳುತ್ತ ಬೆಳೆದವನು ನಾನು. ಹುಕ್ಕಾ ಸೇದುವವನ ಸಾಮಗ್ರಿಯ ಒಂದೊಂದನ್ನೂ ಮನಸ್ಸು, ಮೋಹ, ಬುದ್ಧಿಗಳಿಗೆ ಸಂಕೇತವಾಗಿ ನಿಲ್ಲಿಸಿದ ಆ ಪದವನ್ನು ಮದ್ಯದ ವಾಸನೆಯ ನಡುವೆ ಕೇಳಿದಾಗ ನನಗೆ ಕಸಿವಿಸಿಯಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ 1889ರಲ್ಲಿ ತೀರಿಕೊಂಡ ಸಂತನೊಬ್ಬನ ಮಾತು, ಆ ಮಾತು ಯಾವ ಭಾಷೆಯದೆಂಬುದನ್ನೂ ಅರಿಯದವರ ನಾಲಿಗೆಯ ಮೇಲೆ ಹರಿಯುತ್ತಿದ್ದುದನ್ನು ಕಂಡಾಗ ಮೈ ನವಿರೆದ್ದದ್ದೂ ಅಷ್ಟೇ ನಿಜ.

ಕೊನೆಯ ಲೋಕಲಿನಲ್ಲಿ ಮರಳುವಾಗ ಸೋದರಳಿಯ, “ಮಾಮಾ, ಆ ಹಾಡಿನ ಅರ್ಥವೇನು?” ಎಂದು ಕೇಳಿದ. ಲೋವರ್ ಪರೇಲಿನಿಂದ ಅಂಧೇರಿಯವರೆಗೆ ವಿವರಿಸಿದೆ. ಮರುದಿನ ಪದವನ್ನು ಬರೆದುಕೊಡೆಂದ, ಬರೆದುಕೊಟ್ಟೆ, ದೇವನಾಗರಿಯಲ್ಲಿ ಬರೆದುಕೊಡಬೇಕಾಯಿತು. ಆ ನಂತರ ಕೆಲವು ವಾರ ಕನ್ನಡ ಅಕ್ಷರಗಳನ್ನು ಕಲಿತ. ಒತ್ತಕ್ಷರದವರೆಗೆ ಬಂದು ಅಲ್ಲಿಗೇ ಬಿಟ್ಟ. ಇದನ್ನೊಂದು ವಿಜಯಗಾಥೆಯೆಂದು ನಾನು ಹೇಳುತ್ತಿಲ್ಲ. ಆದರೆ ಅವನು ಚಿಕ್ಕಂದಿನಿಂದ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಿಗೆ ಬಂದಿದ್ದಾನೆ, ರಾಜ್ಯೋತ್ಸವಗಳಿಗೆ ಬಂದಿದ್ದಾನೆ; ಅಲ್ಲಿ ಕೇಳಿದ ಯಾವ ಪದದ ಅರ್ಥವನ್ನೂ ಅವನು ನನ್ನನ್ನು ಕೇಳಿರಲಿಲ್ಲ.

ಏಕೆ ಕೇಳಲಿಲ್ಲ ಎಂಬುದನ್ನು ಸ್ವಲ್ಪ ನಿಷ್ಠುರವಾಗಿ ನೋಡೋಣ. ನಮ್ಮ ಕಾರ್ಯಕ್ರಮಗಳ ಆಮಂತ್ರಣದಲ್ಲಿ ಗಾಯಕರ ಹೆಸರು ಕೊನೆಯಲ್ಲಿರುತ್ತದೆ. ಅದಕ್ಕೆ ಮೊದಲು ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಅತಿಥಿಗಳು, ವಿಶೇಷ ಆಹ್ವಾನಿತರು. ಆರು ಗಂಟೆಯ ಕಾರ್ಯಕ್ರಮ ಏಳಕ್ಕೆ ಆರಂಭವಾಗಿ, ಶಾಲು, ಹಾರ, ಫಲಪುಷ್ಪ, ಸ್ಮರಣಿಕೆಗಳು ಮುಗಿದು, ಗಾಯಕರ ಸರದಿ ಬರುವಾಗ ಒಂಬತ್ತೂವರೆ. ಆ ಹೊತ್ತಿಗೆ ವಿರಾರ್‌ಗೆ ಹೋಗಬೇಕಾದವರು ಎದ್ದಿರುತ್ತಾರೆ, ಉಳಿದವರ ಕಿವಿ ಊಟದ ತಟ್ಟೆಗಳ ಸದ್ದಿನ ಕಡೆಗಿರುತ್ತದೆ. ಊರಿನಿಂದ ಬಂದ ಗಾಯಕ, ಸಮಯದ ಅಭಾವದಿಂದ ಎಂದು ಕ್ಷಮೆ ಕೇಳಿ ಮೂರು ಭಾವಗೀತೆ ಹಾಡಿ ಇಳಿಯುತ್ತಾನೆ. ಪ್ರವೇಶ ಉಚಿತ, ಸರ್ವರಿಗೂ ಆದರದ ಸ್ವಾಗತ! ಹಾಡನ್ನು ಕೇಳಲೆಂದೇ ಮನೆಯಿಂದ ಹೊರಟವನು ಇಲ್ಲಿ ಯಾರೂ ಇಲ್ಲ. ಇರಬೇಕೆಂದು ನಾವು ನಿರೀಕ್ಷಿಸಿಯೂ ಇಲ್ಲ. ನೂರೈವತ್ತು ರೂಪಾಯಿ ಕೊಟ್ಟು ಒಳಗೆ ಬಂದವನು ಹಾಡು ಬೇಸರವಾದರೆ ಗೊಣಗುತ್ತಾನೆ, ಹಿಡಿಸಿದರೆ ಇನ್ನೊಮ್ಮೆ ಬರುತ್ತಾನೆ. ಆ ಗೊಣಗಾಟದಿಂದಲೇ ಹೊಸ ಗಾಯಕ ಕಲಿಯುವುದು.

ಈ ಮಹಾನಗರದಲ್ಲಿ ಕಲೆಯು ದೊಡ್ಡ ರಂಗಮಂದಿರಗಳಿಂದ ಚಿಕ್ಕ ಕೋಣೆಗಳಿಗೆ ಇಳಿದು ಬಂದದ್ದಕ್ಕಿಂತ ಚಿಕ್ಕ ಕೋಣೆಗಳಿಂದ ಮೇಲೇರಿದ್ದೇ ಹೆಚ್ಚು. ಗಿರ್‌ಗಾಂವ್‌ನ ಲಕ್ಷ್ಮೀಬಾಗ್‌ನಂಥ ಸಭಾಂಗಣಗಳ ಬೈಠಕ್‌ಗಳಲ್ಲಿ ಜಮಖಾನೆಯ ಮೇಲೆ ಕುಳಿತ ಶ್ರೋತೃಗಳೇ ಹಿಂದೂಸ್ತಾನಿ ಗಾಯಕರನ್ನು ತೂಗಿ ನೋಡಿದವರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಬಾಲಕನೊಬ್ಬ ಆಪೆರಾ ಹೌಸ್ ಹತ್ತಿರದ ದೇವಧರ್ ಮಾಸ್ತರರ ಶಾಲೆಯಲ್ಲಿ ಕಲಿತು ಕುಮಾರ ಗಂಧರ್ವರೆಂದು ಬೆಳಗಿದ್ದು ಈ ವಾತಾವರಣದಲ್ಲಿ. ನಾಟಕದ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 1971ರಲ್ಲಿ ಹುಟ್ಟಿದ ‘ಆವಿಷ್ಕಾರ್’ ಎಂಬ ಮರಾಠಿ ನಾಟಕ ಸಂಸ್ಥೆ 1974ರಿಂದ ದಾದರಿನ ಛಬಿಲ್‌ದಾಸ್ ಶಾಲೆಯ ಸಭಾಂಗಣವನ್ನು ತನ್ನ ರಂಗಸ್ಥಳವಾಗಿ ಮಾಡಿಕೊಂಡಿತು. ಹಗಲು ಹುಡುಗರ ಶಾಲೆ, ಸಂಜೆ ಪ್ರಯೋಗ. ಬೆರಳೆಣಿಕೆಯ ದೀಪಗಳು, ಅಗ್ಗದ ಟಿಕೀಟು. ಮರಾಠಿ ರಂಗಭೂಮಿಯ ಒಂದು ಯುಗಕ್ಕೆ ಆ ಶಾಲೆಯ ಹೆಸರೇ ಅಂಟಿಕೊಂಡಿದೆ. ಅದೇ ಆವಿಷ್ಕಾರ್ ಸಂಸ್ಥೆ ತನ್ನ ಪಯಣವನ್ನು ಆರಂಭಿಸಿದ್ದು ನಮ್ಮ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಿಂದ ಎಂಬುದನ್ನು ಕನ್ನಡಿಗರಾದ ನಾವು ನೆನೆಯಬಹುದು. ಶಾಲೆಯ ಆಡಳಿತದವರು ಬಾಗಿಲು ತೆರೆದರು, ಅಷ್ಟೇ ಅವರು ಮಾಡಿದ್ದು.

ರಾಕ್ ಸಂಗೀತದವರಿಗೂ ಈ ನಗರ ಒಂದು ಕಾಲಕ್ಕೆ ಜಾಗ ಕೊಟ್ಟಿತ್ತು. ಧೋಬಿ ತಲಾವಿನ ರಂಗಭವನದಲ್ಲಿ 1978ರಿಂದ ಜಾಝ್ ಯಾತ್ರೆ, 1986ರಿಂದ ‘ಇಂಡಿಪೆಂಡೆನ್ಸ್ ರಾಕ್’ ನಡೆದವು. ಆಸ್ಪತ್ರೆಗಳು ಹತ್ತಿರದಲ್ಲಿದ್ದುದರಿಂದ ಅದು ಮೌನವಲಯವೆಂದಾಗಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಸಂಗೀತ ನಿಂತಿತು. ರೋಗಿಗಳ ನೆಮ್ಮದಿ ಮುಖ್ಯವೆಂಬುದರಲ್ಲಿ ಎರಡು ಮಾತಿಲ್ಲ. ಬದಲಿ ಸ್ಥಳವನ್ನು ಯಾರೂ ಒದಗಿಸಲಿಲ್ಲವೆಂಬುದು ಮಾತ್ರ ಖೇದಕರ.

ಇನ್ನು ನಮ್ಮ ಊರಿನ ಕಡೆಯ ಒಂದು ಮಾದರಿ. ಮಂಗಳೂರಿನ ‘ಮಾಂಡ್ ಸೊಭಾಣ್’ ಎಂಬ ಕೊಂಕಣಿ ಸಂಸ್ಥೆ 1986ರಲ್ಲಿ ಹುಟ್ಟಿದ್ದು. 2002ರ ಜನವರಿಯಿಂದ ಅದು ತಿಂಗಳ ಮೊದಲ ರವಿವಾರ ‘ಮ್ಹಯ್ನ್ಯಾಳಿ ಮಾಂಚಿ’, ಎಂದರೆ ತಿಂಗಳ ವೇದಿಕೆ, ಎಂಬ ಕಾರ್ಯಕ್ರಮವನ್ನು ನಡೆಸುತ್ತ ಬಂದು ಇನ್ನೂರನ್ನು ಎಂದೋ ದಾಟಿದೆ. ಒಮ್ಮೆ ಹಾಡು, ಒಮ್ಮೆ ನಾಟಕ, ಒಮ್ಮೆ ಕುಣಿತ. ವರ್ಷಕ್ಕೊಂದು ಭಾರೀ ಸಮ್ಮೇಳನ ಮಾಡಿ ದಣಿಯುವುದಕ್ಕಿಂತ ತಿಂಗಳಿಗೊಂದು ಸಂಜೆಯನ್ನು ತಪ್ಪದೆ ನಡೆಸುವುದು ಎಷ್ಟು ಕಠಿಣವೆಂಬುದನ್ನು ಸಂಘಗಳಲ್ಲಿ ದುಡಿದವರು ಬಲ್ಲರು. ಕೊಂಕಣಿಗೆ ನಮ್ಮಷ್ಟು ಜನಬಲವಿಲ್ಲ, ಒಂದೇ ಲಿಪಿಯೂ ಇಲ್ಲ. ಅದಕ್ಕೇ ಇರಬೇಕು, ಹಾಡನ್ನು ಅವರು ನಮಗಿಂತ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಇಲ್ಲೇ ನಮ್ಮ ಐ.ಸಿ. ಕಾಲನಿಯ ಮನೆಗಳಲ್ಲಿ ಗಿಟಾರು ಹೊಸ ವಸ್ತುವಲ್ಲ. ಇಗರ್ಜಿಯ ಗಾಯನವೃಂದದಲ್ಲಿ ಹಾಡಿದ ಹುಡುಗ ಮುಂದೆ ತಂಡ ಕಟ್ಟಿದರೆ ತಂದೆತಾಯಿಗಳು ಆಕಾಶ ತಲೆಯ ಮೇಲೆ ಬಿದ್ದಂತೆ ವರ್ತಿಸುವುದಿಲ್ಲ.

ಕನ್ನಡಕ್ಕಾದರೂ ಇದು ಅಪರಿಚಿತವೇ? ಸಿನಿಮಾದ ಹಂಗಿಲ್ಲದ ಹಾಡು ಎಂದೆನಲ್ಲ, ಪಿ. ಕಾಳಿಂಗರಾಯರು ಊರೂರು ತಿರುಗಿ ಕವಿಗಳ ಗೀತೆಗಳನ್ನು ಹಾಡಿದ್ದು ಇನ್ನೇನು? 1978ರಲ್ಲಿ ನಿಸಾರ್ ಅಹಮದರ ಗೀತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಹೊತ್ತು ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದಾಗ ಅದೂ ಹೊಸದೇ ಆಗಿತ್ತು. ಸಿ. ಅಶ್ವತ್ಥರು ಶರೀಫರ ಪದಗಳಿಗೆ ಕೊಟ್ಟ ಧಾಟಿಗಳನ್ನು ನಾವು ಇಂದು ಪರಂಪರೆಯೆಂದು ಭಾವಿಸುತ್ತೇವೆ. ನಮ್ಮ ಊರಿನ ಭಜನೆಯವರಿಗೆ ಅವು ಮೊದಲು ಪೇಟೆಯ ಧಾಟಿಯಾಗಿಯೇ ಕೇಳಿಸಿದ್ದವು. ಇಂದು ಬೆಂಗಳೂರಿನ ‘ಸ್ವರಾತ್ಮ’ದಂಥ ತಂಡಗಳು ಜನಪದ ಲಯವನ್ನು ಗಿಟಾರಿಗೆ ಹೊಂದಿಸುತ್ತಿರುವುದು ಅದೇ ದಾರಿಯ ಮುಂದಿನ ನಿಲ್ದಾಣ. ಎಲ್ಲವೂ ಚೆನ್ನಾಗಿದೆಯೆಂದು ನನ್ನ ಅಭಿಪ್ರಾಯವಲ್ಲ. ಕೆಲವು ತಂಡಗಳಿಗೆ ಕನ್ನಡವೆಂಬುದು ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಸಿಕ್ಕಿಸಿಕೊಳ್ಳುವ ಒಂದು ಗರಿ. ಉಚ್ಚಾರದಲ್ಲಿ ಅಕಾರ ಹಕಾರಗಳ ಗೊಂದಲ. ಮಹಾಪ್ರಾಣಗಳಂತೂ ಡ್ರಮ್ಮಿನ ಸದ್ದಿನಲ್ಲಿ ಪ್ರಾಣವನ್ನೇ ಬಿಡುತ್ತವೆ. ಇದನ್ನು ತಿದ್ದಬೇಕಾದವರು ಯಾರು? ಕನ್ನಡ ಬಲ್ಲ ಕೇಳುಗರು ಎದುರಿಗೆ ಕುಳಿತಾಗಲಲ್ಲವೆ ಹಾಡುವವನಿಗೆ ತಿದ್ದಿಕೊಳ್ಳಬೇಕೆನಿಸುವುದು? ಲೋವರ್ ಪರೇಲಿನ ಶ್ರೋತೃವಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಚಿಂತೆ ಇರಲಾರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1926ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ, ಅದರ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ಮತ್ತು ಉಪನಗರಗಳಲ್ಲಿ ಬೇರೆ ಬೇರೆ ಸಮಾಜಗಳು ಕಟ್ಟಿದ ಭವನಗಳು ನಮ್ಮ ಹಿರಿಯರ ಬೆವರಿನ ಫಲ. ಹೋಟೆಲಿನಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು ಕೊಟ್ಟ ವಂತಿಗೆಯೂ ಆ ಗೋಡೆಗಳಲ್ಲಿದೆ. ಮುಂಬಯಿಯಲ್ಲಿ ಯಾವ ಯುವ ತಂಡಕ್ಕೂ ದುಡ್ಡು ಕೊಟ್ಟರೂ ಸಿಗದ ವಸ್ತು ಯಾವುದೆಂದರೆ ನಾಲ್ಕು ಗೋಡೆ ಮತ್ತು ಒಂದು ವೇದಿಕೆ. ಅದು ನಮ್ಮಲ್ಲಿದೆ. ಹೀಗಿರುವಾಗ, ನಾನು ಆರಂಭದಲ್ಲಿ ಹೇಳಿದ ನಮ್ಮ ಕಟ್ಟಡದ ಹುಡುಗ ತನ್ನ ತಂಡದ ಒಂದು ಸಂಜೆಯ ಪ್ರಯೋಗಕ್ಕೆ ಉಪನಗರದ ಒಂದು ಭವನವನ್ನು ಬಾಡಿಗೆಗೇ ಕೇಳಲು ಹೋದ. ಶಾಸ್ತ್ರೀಯ, ಸುಗಮ, ಯಕ್ಷಗಾನಗಳಿಗೆ ಮಾತ್ರ ಕೊಡುವುದೆಂಬ ಉತ್ತರ ಬಂತು. ಅದರ ಮುಂದಿನ ವಾರ ಅದೇ ಭವನದಲ್ಲಿ ಸೀರೆಗಳ ಪ್ರದರ್ಶನ ಮತ್ತು ಮಾರಾಟ ನಡೆಯಿತು. ಯಾವ ರಾಗದಲ್ಲಿ ನಡೆಯಿತೋ ನನಗೆ ತಿಳಿಯದು.

ಈ ಹುಡುಗರಿಗೆ ಜಾಗ ಕೊಟ್ಟರೆ ಕುಡಿತ ಬರುತ್ತದೆಂಬ ಭಯ ಹಿರಿಯರಲ್ಲಿದೆ. ಭಯ ಆಧಾರವಿಲ್ಲದ್ದಲ್ಲ; ಇಂಥ ಸಂಗೀತ ಬಹುಮಟ್ಟಿಗೆ ಮದ್ಯದಂಗಡಿಯ ಆಶ್ರಯದಲ್ಲಿದೆ, ಏಕೆಂದರೆ ಬೇರೆ ಯಾರೂ ಆಶ್ರಯ ಕೊಟ್ಟಿಲ್ಲ. ಲಿವರ್‌ಪೂಲ್ ನಗರದ ‘ಕ್ಯಾವರ್ನ್’ ಎಂಬ ನೆಲಮಾಳಿಗೆಯಲ್ಲಿ ಬೀಟಲ್ಸ್ ತಂಡ 1961ರಿಂದ 1963ರವರೆಗೆ ಮುನ್ನೂರಕ್ಕೆ ಹತ್ತಿರ ಬಾರಿ ಹಾಡಿತು. ಆ ದಿನಗಳಲ್ಲಿ ಅಲ್ಲಿ ಮದ್ಯ ಮಾರುತ್ತಿರಲಿಲ್ಲ, ಕಾಫಿ ಮತ್ತು ತಂಪು ಪಾನೀಯ ಮಾತ್ರ. ಉಡುಪಿ ಹೋಟೆಲಿನ ಪರಂಪರೆಯವರಾದ ನಮಗೆ ಕಾಫಿಯ ವ್ಯವಸ್ಥೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುರಕ್ಷತೆಯ ವಿಷಯ ಇದಕ್ಕಿಂತ ಗಂಭೀರ. 2017ರ ಡಿಸೆಂಬರ್ 29ರಂದು ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಉಪಾಹಾರಗೃಹಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ತರುಣರು ಸಂಜೆಗಳನ್ನು ಕಳೆಯುವ ಸ್ಥಳಗಳ ಸ್ಥಿತಿ ಎಂಥದೆಂಬುದು ಆ ರಾತ್ರಿ ಊರಿಗೆ ಗೊತ್ತಾಯಿತು. ಅಗಲವಾದ ಬಾಗಿಲುಗಳಿರುವ, ನೆಲಮಟ್ಟದ ಅಥವಾ ಒಂದನೇ ಮಹಡಿಯ ನಮ್ಮ ಸಭಾಗೃಹದಲ್ಲಿ ಮಗ ಹಾಡುತ್ತಿದ್ದಾನೆಂದರೆ ತಾಯಿ ನಿಶ್ಚಿಂತೆಯಿಂದ ನಿದ್ರಿಸಬಹುದು. ನಿದ್ರೆಯೇಕೆ, ಮುಂದಿನ ಸಾಲಿನಲ್ಲಿಯೇ ಕೂರಬಹುದು.

ನಿಯಮಗಳ ವಿಷಯದಲ್ಲಿ ನನ್ನ ವೃತ್ತಿಯ ಚಾಳಿಯಿಂದ ಸ್ವಲ್ಪ ವಿವರ ಸಂಗ್ರಹಿಸಿದ್ದೇನೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆಯಾದರೂ ನೆರೆಯವರ ಹಿತದೃಷ್ಟಿಯಿಂದ ನಾವು ಒಂಬತ್ತೂವರೆಗೇ ಮುಗಿಸಬೇಕು. ಪ್ರವೇಶದರ ತಲಾ 500 ರೂಪಾಯಿ ಮೀರದಿದ್ದರೆ ಸಂಗೀತ ಕಾರ್ಯಕ್ರಮದ ಟಿಕೀಟಿನ ಮೇಲೆ ಜಿ.ಎಸ್.ಟಿ. ಇಲ್ಲ, ಮೊದಲು 250 ಇದ್ದ ಈ ಮಿತಿಯನ್ನು 2018ರ ಜನವರಿಯಲ್ಲಿ ಏರಿಸಲಾಯಿತು. ಕೃತಿಸ್ವಾಮ್ಯದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹವ್ಯಾಸಿ ಸಂಘವೊಂದು ಹಣ ಪಡೆಯದೆ ನಡೆಸುವ ಪ್ರಯೋಗಕ್ಕೆ 1957ರ ಕಾಯಿದೆಯ 52ನೆಯ ಕಲಮಿನಲ್ಲಿ ರಿಯಾಯಿತಿ ಇದೆ. ಟಿಕೀಟು ಇಟ್ಟೊಡನೆ ಆ ರಿಯಾಯಿತಿ ಹೋಗುತ್ತದೆ. ಸಿನಿಮಾ ಹಾಡು ಹಾಡಿಸಿದರೆ ಪರವಾನಗಿ ಪಡೆಯಬೇಕು. ಸ್ವಂತ ಹಾಡು ಹಾಡುವ ತಂಡದ ಅನುಕೂಲ ಇಲ್ಲಿಯೇ ಇರುವುದು: ಹಕ್ಕುಗಳನ್ನು ಬೇರೆಯವರಿಗೆ ಬರೆದುಕೊಟ್ಟಿರದಿದ್ದರೆ ಅನುಮತಿ ಕೊಡಬೇಕಾದವರು ಅವರೇ. ಶರೀಫರ ಪದಗಳು ಎಲ್ಲರ ಸ್ವತ್ತು, ಕರ್ತೃವಿನ ಮರಣಾನಂತರದ 60 ವರ್ಷಗಳು ಎಂದೋ ಸಂದಿವೆ. ಆದರೆ 2009ರಲ್ಲಿ ತೀರಿಕೊಂಡ ಅಶ್ವತ್ಥರ ಧಾಟಿಯಲ್ಲಿ ಹಾಡುವುದಾದರೆ ಆ ಧಾಟಿಗೆ ಹಕ್ಕುದಾರರಿದ್ದಾರೆ. ಪೊಲೀಸ್ ಠಾಣೆಯ ಪರವಾನಗಿಯ ಅರ್ಜಿಯನ್ನು ಬರೆದುಕೊಡುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ. ಅರ್ಜಿ ಬರೆಯುವುದೊಂದು ನನಗೆ ಚೆನ್ನಾಗಿ ಬರುತ್ತದೆ.

ನನ್ನ ವಿನಂತಿ ಇಷ್ಟು. ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತೂವರೆಯವರೆಗೆ, ಈ ಸಭಾಗೃಹವನ್ನು ಸ್ವಂತ ಹಾಡು ಹಾಡುವ ತಂಡಕ್ಕೆ ಬಿಡಬೇಕು. ಬಾಡಿಗೆ ಬೇಡ, ಟಿಕೀಟಿನ ಹಣದಲ್ಲಿ ಮೂರನೆಯ ಒಂದು ಪಾಲು ಸಂಘಕ್ಕೆ, ಉಳಿದದ್ದು ತಂಡಕ್ಕೆ. ಹಾಡುಗಳಲ್ಲಿ ಅರ್ಧದಷ್ಟಾದರೂ ಕನ್ನಡದವಿರಬೇಕು. ತುಳು, ಕೊಂಕಣಿ, ಬ್ಯಾರಿಗಳನ್ನೂ ಆ ಅರ್ಧದಲ್ಲಿಯೇ ಎಣಿಸೋಣ. ಉದ್ಘಾಟನೆ, ಸನ್ಮಾನ, ಅತಿಥಿಗಳ ಭಾಷಣ ಇವು ಯಾವುವೂ ಇರಬಾರದು, ನನ್ನ ಭಾಷಣವೂ ಸೇರಿ. ಪದಾಧಿಕಾರಿಗಳೂ ಟಿಕೀಟು ಕೊಂಡೇ ಬರಬೇಕು. ಮತ್ತು ಸಂಘ ಒಂದು ಮಧ್ಯಮ ದರ್ಜೆಯ ಡ್ರಮ್ ಸೆಟ್ಟನ್ನೂ ಎರಡು ಆಂಪ್ಲಿಫಾಯರುಗಳನ್ನೂ ಕೊಳ್ಳಬೇಕು. ನಮ್ಮ ಒಂದು ಸನ್ಮಾನ ಸಮಾರಂಭದ ಶಾಲು, ಹಾರ, ಫಲಕ, ಭೋಜನಗಳ ಒಟ್ಟು ವೆಚ್ಚದಲ್ಲಿ ಅವು ಬರುತ್ತವೆಂದು ನಾನು ಅಂಗಡಿಗಳಲ್ಲಿ ವಿಚಾರಿಸಿಯೇ ಹೇಳುತ್ತಿದ್ದೇನೆ. ಡ್ರಮ್ಮು ಇಲ್ಲಿದ್ದರೆ ಬೊರಿವಲಿಯ ಹುಡುಗ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ನಡೆದೇ ಬರಬಹುದು. ಖಾರ್, ಬಾಂದ್ರಾದ ಹುಡುಗರು ಒಮ್ಮೆಯಾದರೂ ಉತ್ತರಕ್ಕೆ ಗಾಡಿ ಹತ್ತಬಹುದು.

ಮೊದಲ ತಿಂಗಳು ಮೂವತ್ತು ಜನ ಬಂದಾರು. ಅದರಲ್ಲಿ ಹತ್ತು ಮಂದಿ ತಂಡದವರ ಬಂಧುಗಳೇ ಇರುತ್ತಾರೆ. ಛಬಿಲ್‌ದಾಸ್ ಶಾಲೆಯಲ್ಲಿಯೂ ಕುರ್ಚಿಗಳು ಖಾಲಿಯಿದ್ದ ಸಂಜೆಗಳು ಬೇಕಾದಷ್ಟಿದ್ದಿರಬೇಕು. ಒಂದು ವರ್ಷ, ಹನ್ನೆರಡು ಸಂಜೆ ನಡೆಸಿ ನೋಡಿ, ಆನಂತರ ಬೇಡವೆನಿಸಿದರೆ ಸಭೆಯಲ್ಲಿ ಲೆಕ್ಕ ಮಂಡಿಸಿ ನಿಲ್ಲಿಸಬಹುದು.

ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂಬ ಲಿಖಿತ ಮನವಿಯನ್ನು ಅಧ್ಯಕ್ಷರ ಮೇಜಿನ ಮೇಲೆ ಇಟ್ಟಿದ್ದೇನೆ. ಆ ತಂಡದ ನಾಲ್ವರೂ ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಡ್ರಮ್ಮಿಗೆ ಎಷ್ಟು ಜಾಗ ಬೇಕು, ವಿದ್ಯುತ್ತಿನ ಪ್ಲಗ್ಗುಗಳು ಎಲ್ಲಿವೆ ಎಂದು ಅಳತೆ ತೆಗೆದುಕೊಳ್ಳಲು ಚಹಾದ ವಿರಾಮದಲ್ಲಿ ಕಾರ್ಯದರ್ಶಿಗಳು ಅವರಿಗೆ ಈ ವೇದಿಕೆಯನ್ನು ತೋರಿಸಬೇಕೆಂದು ಕೋರುತ್ತೇನೆ.